ಯಾವಾಗ ಹೊರಡೋದು ಅಂತ ಕೇಳುವವರಿಗೆಲ್ಲ

ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ಹತ್ರ ಚಾ ಕುಡೀಲಿಕ್ಕೆ ನಿಂತ್ರೂ ಸರಿ, ಬದಿಯಡ್ಕದಲ್ಲಿ ಮದುವೆ ಊಟಕ್ಕೆ ಕೂತ್ರೂ ಸರಿ, ನನಗೆ ಸಿಗೋದು ಒಂದೇ ಪ್ರಶ್ನೆ. ಕನ್ನಡದವ್ರು "ಯಾವಾಗ ಹೊರಡೋದು ಮಾರಾಯ" ಅಂತಾರೆ, ತುಳುವಲ್ಲಿ "ಏಪ ಪಿದಾಡುನಿ", ಮಲಯಾಳದಲ್ಲಿ "ಎಪ್ಪೊಳಾ ಪೋಕುನ್ನದ್". ಸಪ್ತಭಾಷೆಯ ಊರಲ್ಲಿ ಹುಟ್ಟಿದ್ದಕ್ಕೆ ಇದೊಂದು ಶಿಕ್ಷೆ, ಒಂದೇ ಪ್ರಶ್ನೆಗೆ ಏಳು ಭಾಷೆಯಲ್ಲಿ ಹಲ್ಲು ಕಿರೀಬೇಕು.

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ಗಲ್ಫಲ್ಲಿ ಹದಿನಾರು ವರ್ಷ ಎಸಿ ರಿಪೇರಿ ಮಾಡ್ಕೊಂಡಿದ್ದೆ, ಅಲ್ಲಿ ಶುಕ್ರವಾರ ಶುಕ್ರವಾರ ಬೇರೆಯವರ ಹಾಯಿದೋಣಿಯಲ್ಲಿ ಹಗ್ಗ ಎಳೀಲಿಕ್ಕೆ ಹೋಗಿ ಹೋಗಿ ಹುಚ್ಚು ಹಿಡೀತು, ಊರಿಗೆ ಬಂದವನು 2021ರಲ್ಲಿ ಗೋವಾದಿಂದ ಒಂದು ಹಳೇ ಫೈಬರ್ ಬೋಟ್ ತಗೊಂಡೆ. 31 ಅಡಿ ಉದ್ದ, ನನಗಿಂತ ಸ್ವಲ್ಪವೇ ಚಿಕ್ಕದು ವಯಸ್ಸಲ್ಲಿ. ಈಗ ಅದು ಚಂದ್ರಗಿರಿ ಹೊಳೆಯಲ್ಲಿ ತಳಂಗರೆ ಕಡೆ ಲಂಗರು ಹಾಕಿ ನಿಂತಿದೆ, ಸೇತುವೆಗಿಂತ ಕಡಲಿನ ಬದಿಗೆ, ಯಾಕಂದ್ರೆ ಹಾಯಿ ಕಟ್ಟುವ ಕಂಬ 13 ಮೀಟರ್ ಉಂಟು, ಸೇತುವೆ ಅಡಿಗೆ ಹೋಗೋದಿಲ್ಲ. ನಾನೂ ಹೆಂಡತಿಯೂ ಅದರಲ್ಲೇ ವಾಸ ಮಾಡ್ಕೊಂಡು ಮೊದಲು ಕೊಚ್ಚಿ, ಆಮೇಲೆ ಪರ್ಮಿಟ್ ಸಿಕ್ಕಿದ್ರೆ ಲಕ್ಷದ್ವೀಪ, ಆಮೇಲೆ ನೋಡುವಾ ಅಂತ ಪ್ಲಾನು. ಹಾಗಾದ್ರೆ ಇನ್ನೂ ಯಾಕೆ ಇಲ್ಲೇ ಕೂತಿದ್ದೀರಿ ಅನ್ನೋದೇ ಎಲ್ಲರ ಪ್ರಶ್ನೆ.

ಉತ್ತರ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಜನ ಏನು ಅಂದ್ಕೊಂಡಿದ್ದಾರೆ ಅಂದ್ರೆ ರೆಡಿ ಮಾಡೋದು ಅಂದ್ರೆ ಬಿರುಗಾಳಿಗೆ ರೆಡಿ ಮಾಡೋದು. ದೊಡ್ಡ ಅಲೆ, ಹರಿದ ಹಾಯಿ, ಅದೂ ಇದೂ. ಅದು ಇಲ್ಲ ಅಂತಲ್ಲ. ಆದ್ರೆ ಬೋಟಲ್ಲಿ ಇದ್ದುಕೊಂಡು ತಿರುಗುವವರು ಹೆಚ್ಚಿನ ದಿನ ಲಂಗರು ಹಾಕಿಯೇ ಇರ್ತಾರೆ, ಅಲ್ಲೇ ಅನ್ನ ಬೇಯಬೇಕು, ಅಲ್ಲೇ ಫೋನ್ ಚಾರ್ಜ್ ಆಗ್ಬೇಕು, ಅಲ್ಲೇ ಪಾಯಿಖಾನೆಗೆ ಹೋಗ್ಬೇಕು. ನಾನು ಊರ ಮನೆಯ ಜಗಲಿಯಲ್ಲಿ ಕೂತು ಬರೆದ ಮೊದಲ ಪಟ್ಟಿಯಲ್ಲಿ ಹೊಸ ಹಾಯಿ, ರೇಡಾರ್, ಸ್ಯಾಟಲೈಟ್ ಫೋನ್ ಎಲ್ಲ ಇತ್ತು. ಬೋಟಲ್ಲಿ ನಾಲ್ಕು ರಾತ್ರಿ ಮಲಗಿದ ಮೇಲೆ ಬರೆದ ಎರಡನೇ ಪಟ್ಟಿಯ ಮೊದಲ ಸಾಲು: ಫ್ಯಾನ್. ಎರಡನೇದು: ಸೊಳ್ಳೆ ನೆಟ್ಟು. ರೇಡಾರ್ ಆ ಪಟ್ಟಿಯಲ್ಲೇ ಇರ್ಲಿಲ್ಲ.

ಮೊದಲು ಅಡಿಯಿಂದ ಶುರು ಮಾಡುವಾ, ಯಾಕಂದ್ರೆ ನನ್ನ ಒಂದು ಇಡೀ ವರ್ಷ ಹೋಗಿದ್ದು ಅಲ್ಲೇ. ಬೋಟಿನ ಹೊಟ್ಟೆಯಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ತೂತುಗಳಿರ್ತವೆ ಅಂದ್ರೆ ನಮ್ಮಮ್ಮ ಇನ್ನೂ ನಂಬೋದಿಲ್ಲ. ಇಂಜಿನ್ ತಂಪು ಮಾಡ್ಲಿಕ್ಕೆ ಸಮುದ್ರದ ನೀರು ಒಳಗೆ ಬರ್ಲಿಕ್ಕೆ ಒಂದು, ಪಾಯಿಖಾನೆಗೆ ಎರಡು, ಸಿಂಕಿಗೆ ಒಂದು, ನನ್ನದರಲ್ಲಿ ಒಟ್ಟು ಆರು. ಪ್ರತಿಯೊಂದಕ್ಕೂ ಒಳಗಿನಿಂದ ಒಂದು ವಾಲ್ವ್, ಸೀಕಾಕ್ ಅಂತಾರೆ. ಅದು ಕಂಚಿನದ್ದಾಗಿರ್ಬೇಕು. ಹಿತ್ತಾಳೆ ಆದ್ರೆ ಉಪ್ಪುನೀರಲ್ಲಿ ಅದರೊಳಗಿನ ಸತು ಮೆಲ್ಲ ಕರಗಿ ಹೋಗಿ ಬರೀ ತಾಮ್ರದ ಸ್ಪಂಜಿನ ಹಾಗೆ ಉಳೀತದೆ, ಹೊರಗಿಂದ ನೋಡಿದ್ರೆ ಗಟ್ಟಿಯಾಗಿಯೇ ಕಾಣ್ತದೆ. ನಾನು ಒಂದು ಅಂಗಡಿಯಿಂದ "ಕಂಚು ಸಾರ್, ಗ್ಯಾರಂಟಿ" ಅಂತ ಹೇಳಿಸ್ಕೊಂಡು ತಂದು ಹಾಕಿದ್ದ ವಾಲ್ವನ್ನ ಹದಿನೆಂಟು ತಿಂಗಳ ಮೇಲೆ ಬೋಟ್ ದಡಕ್ಕೆ ಎತ್ತಿದಾಗ ಚೂರಿಯಲ್ಲಿ ಕೆರೆದು ನೋಡಿದೆ. ಹಳದಿ ಬರ್ಬೇಕಿತ್ತು, ಬಂದದ್ದು ಗುಲಾಬಿ, ಕೊಕಂ ಶರಬತ್ತಿಗೆ ನೀರು ಜಾಸ್ತಿ ಆದ್ರೆ ಬರ್ತದಲ್ಲ ಆ ಬಣ್ಣ. ಸ್ಪ್ಯಾನರ್ ಹಾಕಿ ಸ್ವಲ್ಪ ಒತ್ತಿದೆ ಅಷ್ಟೇ, ಹುರಿದ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ನಾನು ಅಲ್ಲೇ ಮರಳಲ್ಲಿ ಕೂತುಬಿಟ್ಟೆ. ಒಂದೂವರೆ ಇಂಚಿನ ತೂತು, ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಇದ್ರೆ ನಿಮಿಷಕ್ಕೆ ನೂರು ಲೀಟರಿಗೂ ಮೇಲೆ ನೀರು ಒಳಗೆ ನುಗ್ತದೆ, ಸಣ್ಣ ಬೋಟಿನ ಬಿಲ್ಜ್ ಪಂಪು, ಅಂದ್ರೆ ಹೊಟ್ಟೆಯಲ್ಲಿ ಸೇರಿದ ನೀರು ಹೊರಗೆ ಹಾಕುವ ಪಂಪು, ಡಬ್ಬಿ ಮೇಲೆ ಬರೆದಷ್ಟು ಯಾವತ್ತೂ ಎತ್ತೋದಿಲ್ಲ. ಈ ವಾಲ್ವಿನ ಮೇಲೆ ನಾವು ಹದಿನೆಂಟು ತಿಂಗಳು ನಿದ್ದೆ ಮಾಡಿದ್ದೇವೆ. ಆರನ್ನೂ ಬದಲು ಮಾಡಿದೆ, ಒಂದೊಂದರ ಪಕ್ಕದಲ್ಲೂ ಅದದೇ ಅಳತೆಯ ಮೊನಚಾದ ಮರದ ಬೆಣೆ ದಾರದಲ್ಲಿ ಕಟ್ಟಿ ನೇತು ಹಾಕಿದ್ದೇನೆ, ವಾಲ್ವ್ ಹೋದ್ರೆ ಹುಡುಕ್ಲಿಕ್ಕೆ ಟೈಮ್ ಇರೋದಿಲ್ಲ, ಸುತ್ತಿಗೆಯಲ್ಲಿ ಬಡಿದು ಮುಚ್ಚೋದೇ.

ಇದಾದ ಮೇಲೆ ಕಂಬ ಹಿಡಿದ ಸ್ಟೀಲ್ ಹಗ್ಗಗಳು. ಸ್ಟೇನ್‌ಲೆಸ್ ಅಂತ ಹೆಸರು, ಹೊಳೀತದೆ ಕೂಡ, ಆದ್ರೆ ಗಾಳಿ ಆಡದ ಸಂದಿಯಲ್ಲಿ ಉಪ್ಪುನೀರು ನಿಂತ್ರೆ ಒಳಗಿಂದೊಳಗೆ ಸೀಳು ಬಿಡ್ತದೆ. ಡೆಕ್ಕಿನ ಒಳಗೆ ಹೂತ ಪಟ್ಟಿಗಳನ್ನ ಬಿಚ್ಚಿದ್ರೇನೇ ಗೊತ್ತಾಗೋದು. ಹತ್ತು ಹದಿನೈದು ವರ್ಷಕ್ಕೆ ಎಲ್ಲ ಬದಲಿಸ್ಬೇಕು ಅನ್ನೋದು ರೂಢಿ, ನನ್ನ ಬೋಟಿನ ಹಗ್ಗಗಳ ವಯಸ್ಸು ಯಾರಿಗೂ ಗೊತ್ತಿಲ್ಲದ ಕಾರಣ ಬದಲಿಸಿಬಿಟ್ಟೆ. ದುಡ್ಡೆಷ್ಟು ಅಂತ ಕೇಳ್ಬೇಡಿ, ಹೆಂಡತಿ ಇದನ್ನ ಓದ್ತಾಳೆ.

ನೀರಿನ ವಿಷಯಕ್ಕೆ ಬರುವಾ. ಇದರಲ್ಲಿ ನಮ್ಮ ಕಡೆಯವ್ರಿಗೆ ಯಾರೂ ಪಾಠ ಹೇಳೋದು ಬೇಡ ಅಂತ ನನ್ನ ಅಭಿಪ್ರಾಯ. ಮುಳ್ಳೇರಿಯ ಕಡೆ ನಮ್ಮ ತೋಟಕ್ಕೆ ಈಗಲೂ ಸುರಂಗದ ನೀರು, ಅಜ್ಜ ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆಸಿದ್ದು, ಒಬ್ಬ ಮನುಷ್ಯ ಹೋಗುವಷ್ಟು ಜಾಗ, ನೀರು ತಾನಾಗಿಯೇ ಹರಿದು ಬರ್ತದೆ, ಪಂಪಿಲ್ಲ ಎಂತದ್ದೂ ಇಲ್ಲ. ಬೇಸಿಗೆಯಲ್ಲಿ ಬೆರಳಿನ ಗಾತ್ರ ಬರ್ತದೆ, ಅದಕ್ಕೆ ತಕ್ಕ ಹಾಗೆ ಬದುಕಬೇಕು. ಬೋಟಲ್ಲೂ ಅದೇ ಲೆಕ್ಕ. ನನ್ನ ಟ್ಯಾಂಕ್ 200 ಲೀಟರ್. ಹೊರಡುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿದೆವು, ನಲ್ಲಿ ಎಲ್ಲ ಬಂದ್, ಬೆಳಿಗ್ಗೆ 10 ಲೀಟರಿನ ಒಂದು ಬಕೆಟ್, ಇಬ್ಬರಿಗೂ ಇಡೀ ದಿನಕ್ಕೆ ಅಷ್ಟೇ. ಮೊದಲ ದಿನ ಹನ್ನೊಂದು ಗಂಟೆಗೇ ಮುಗೀತು. ಒಂದು ವಾರ ಆದ ಮೇಲೆ ರಾತ್ರಿಗೆ ಒಂದು ಚೆಂಬು ಉಳೀಲಿಕ್ಕೆ ಶುರು ಆಯ್ತು. ಅಂದ್ರೆ ಟ್ಯಾಂಕಲ್ಲಿ ಇಪ್ಪತ್ತು ದಿನ. ಬೋಟಿನ ಕರೆಂಟ್ ಪಂಪು ತೆಗೆದು ಕಾಲಲ್ಲಿ ಒತ್ತುವ ಪಂಪು ಹಾಕಿದೆ, ಒತ್ತಿದಷ್ಟೇ ನೀರು ಬರೋದ್ರಿಂದ ಕೈ ತಾನೇ ಬಿಗಿ ಆಗ್ತದೆ. ಪಾತ್ರೆ ತೊಳೀಲಿಕ್ಕೆ ಉಪ್ಪುನೀರಿನ ಬೇರೆ ನಲ್ಲಿ, ಕೊನೇದೊಂದು ಸಲ ಮಾತ್ರ ಸಿಹಿನೀರು. ಕುಚ್ಚಲಕ್ಕಿ ಬೇಯಿಸ್ಲಿಕ್ಕೆ ಮೂರು ಪಾಲಿಗೆ ಒಂದು ಪಾಲು ಸಮುದ್ರದ ನೀರು ಹಾಕಿದ್ರೆ ಉಪ್ಪು ಹಾಕುವ ಕೆಲಸವೂ ಇಲ್ಲ, ಆದ್ರೆ ಹೊಳೆಯ ನೀರಲ್ಲಿ ಅಲ್ಲ ಮತ್ತೆ, ಹೊರಗೆ ನೀಲಿ ನೀರಿಗೆ ಹೋದ ಮೇಲೆ. ಬಟ್ಟೆ ಮಾತ್ರ ಉಪ್ಪುನೀರಲ್ಲಿ ಒಗೆದು ಹಾಗೇ ಒಣಗಿಸಿದ್ರೆ ಮುಗೀತು ಕಥೆ, ಉಪ್ಪು ಗಾಳಿಯ ತೇವ ಎಳ್ಕೊಳ್ತಾನೇ ಇರ್ತದೆ, ಅಂಗಿ ಜನ್ಮದಲ್ಲಿ ಒಣಗೋದಿಲ್ಲ.

ಮಳೆ ಉಂಟಲ್ಲ ಅಂತೀರಿ. ಉಂಟು, ವರ್ಷಕ್ಕೆ ಮೂರು ಮೀಟರಿಗಿಂತ ಹೆಚ್ಚು ಸುರಿಯುವ ಊರು ನಮ್ಮದು. ಡೆಕ್ಕಿನ ಮೇಲೆ 6 ಚದರ ಮೀಟರಿನ ಟಾರ್ಪಾಲ್ ಕಟ್ಟಿ ನಡುವಿಗೆ ಪೈಪ್ ಇಳಿಸಿದ್ದೇನೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್, ಹಾಗಾಗಿ 50 ಮಿಲಿಮೀಟರ್ ಬಿದ್ದ ರಾತ್ರಿ 300 ಲೀಟರ್, ಟ್ಯಾಂಕ್ ತುಂಬಿ ಹೊರಗೆ. ಮೊದಲ ಹತ್ತು ನಿಮಿಷದ ನೀರು ಬಿಡ್ಬೇಕು, ಟಾರ್ಪಾಲಿನ ಉಪ್ಪೂ ಕಾಗೆ ಹಿಕ್ಕೆಯೂ ಎಲ್ಲ ಅದರಲ್ಲಿ ಹೋಗ್ತದೆ.

ಇಲ್ಲಿ ಒಂದು ಮಾತು. ಬೋಟ್ ಸಣ್ಣದಾಯ್ತು ಅಂತ ಹೇಳುವವ್ರಿಗೆ ನಾನು ಸುಹೈಲಿ ಕಥೆ ಹೇಳೋದು. ಬೊಂಬಾಯಿಯಲ್ಲಿ ತೇಗದ ಮರದಲ್ಲಿ ಕಟ್ಟಿದ 32 ಅಡಿ ಬೋಟು, ಅದರಲ್ಲೇ ರಾಬಿನ್ ನಾಕ್ಸ್ ಜಾನ್‌ಸ್ಟನ್ ಒಬ್ಬನೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲ ಮನುಷ್ಯ ಆದದ್ದು, 312 ದಿನ, 1969ರ ಏಪ್ರಿಲಲ್ಲಿ ಮುಗೀತು. ದಾರಿಯಲ್ಲಿ ಟ್ಯಾಂಕಿನ ನೀರು ಹಾಳಾಗಿ ಆತ ಮಳೆ ನೀರು ಹಿಡ್ಕೊಂಡು ಬದುಕಿದ. ನಮ್ಮ ಅಭಿಲಾಷ್ ಟೋಮಿ 2012ರ ನವೆಂಬರಲ್ಲಿ ಮುಂಬೈಯಿಂದ ಹೊರಟು ಐದು ತಿಂಗಳಲ್ಲಿ ನಿಲ್ಲದೆ ಸುತ್ತಿ ಬಂದ ಮಾದೇಯಿ ಮಾತ್ರ 56 ಅಡಿ, ಗೋವಾದಲ್ಲಿ ಕಟ್ಟಿದ್ದು, ಅದರ ಹಿಂದೆ ನೌಕಾಪಡೆಯೇ ಇತ್ತು. ನನ್ನ ಹಿಂದೆ ಇರೋದು ಅಡಿಕೆ ರೇಟು.

ಕರೆಂಟು. ಎಸಿ ಮೆಕ್ಯಾನಿಕ್ ಆದ ಕಾರಣ ಇದು ನನಗೆ ಸುಲಭ ಅಂತ ಜಂಬ ಇತ್ತು, ಮನೆ ವಯರಿಂಗಿಗೂ ಬೋಟಿಗೂ ಸಂಬಂಧವೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಬೋಟಿನ ಬ್ಯಾಟರಿ 12 ವೋಲ್ಟ್ ಆದ ಕಾರಣ ಅದೇ ಕೆಲಸಕ್ಕೆ ಕರೆಂಟ್ ಹೆಚ್ಚು ಹರೀಬೇಕು, ವಯರ್ ಸಪೂರ ಆದ್ರೆ ದಾರಿಯಲ್ಲೇ ಅರ್ಧ ಸತ್ತು ಹೋಗ್ತದೆ, ಮತ್ತೆ ಮಾಮೂಲಿ ತಾಮ್ರದ ವಯರ್ ಈ ಹವೆಗೆ ಒಂದು ವರ್ಷದಲ್ಲಿ ಒಳಗೆ ಕಪ್ಪು ಹಸಿರು ಆಗ್ತದೆ, ತವರ ಲೇಪಿಸಿದ್ದೇ ಬೇಕು. ಲೆಕ್ಕ ಹೇಳ್ತೇನೆ ಕೇಳಿ: ಸಣ್ಣ ಫ್ರಿಜ್ ದಿನಕ್ಕೆ ಸುಮಾರು 45 ಆಂಪಿಯರ್ ಅವರ್, ಎರಡು ಫ್ಯಾನು, ಲೈಟು, ಫೋನು, ರಾತ್ರಿ ಕಂಬದ ತುದಿಯ ದೀಪ ಎಲ್ಲ ಸೇರಿ ಎಪ್ಪತ್ತು ದಾಟ್ತದೆ. ಹಿಂದೆ ಎರಡು ಸೋಲಾರ್, ಒಟ್ಟು 330 ವಾಟ್, ಒಳ್ಳೆ ಬಿಸಿಲಿದ್ರೆ ನೂರರ ಹತ್ರ ಬರ್ತದೆ, ಕಂಬದ ಹಗ್ಗದ ಒಂದು ನೆರಳು ಅಡ್ಡ ಬಿದ್ರೆ ಅರ್ಧ ಇಲ್ಲ. ಆಟೊಪೈಲಟ್ ಹಾಕಿದ್ರೆ ಮತ್ತೆ ಎಪ್ಪತ್ತು ಬೇಕು, ಅದಕ್ಕೆ ಗಾಳಿಯಲ್ಲೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಒಂದನ್ನ ಸೆಕೆಂಡ್ ಹ್ಯಾಂಡ್ ತಂದೆ, ಅದಕ್ಕೆ ಊಟವೂ ಬೇಡ ಕರೆಂಟೂ ಬೇಡ. ಫ್ರಿಜ್ ಬಿಟ್ಟುಬಿಟ್ರೆ ಎಲ್ಲ ಸಲೀಸು ಅಂತ ನನ್ನ ವಾದ, ಮಜ್ಜಿಗೆ ಇಲ್ಲದ ಊಟ ಊಟವಾ ಅಂತ ಹೆಂಡತಿಯ ವಾದ. ಫ್ರಿಜ್ ಉಂಟು.

ಅಡುಗೆ ಕೋಣೆಯ ವಿಷಯದಲ್ಲಿ ಒಂದೇ ಒಂದು ಗಂಭೀರ ಮಾತು, ಗ್ಯಾಸ್. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಲೀಕ್ ಆದ್ರೆ ಬಾಗಿಲು ತೆಗೆದ್ರೆ ಹೊರಗೆ ಹೋಗ್ತದೆ, ಬೋಟಲ್ಲಿ ಕೆಳಗೆ ಹೊಟ್ಟೆಯೊಳಗೆ ಇಳಿದು ಕೂತ್ಕೊಳ್ತದೆ, ಇಂಜಿನ್ ಸ್ಟಾರ್ಟ್ ಮಾಡುವ ಕಿಡಿ ಒಂದು ಸಾಕು. ಸಿಲಿಂಡರಿಗೆ ಬೇರೆಯೇ ಪೆಟ್ಟಿಗೆ, ಅದರ ತಳದ ತೂತು ಸೀದಾ ಹೊರಗೆ. ಉಳಿದದ್ದು ತಮಾಷೆ. ದೋಸೆ ಹಿಟ್ಟು ಹುಳಿ ಬರ್ಲಿಕ್ಕೆ ಇಟ್ಟದ್ದು ಮೀನಿನ ಟ್ರಾಲರ್ ಪಕ್ಕದಲ್ಲೇ ಹೋದ ರಭಸಕ್ಕೆ ಚಾರ್ಟ್, ಅಂದ್ರೆ ಕಡಲಿನ ನಕ್ಷೆ, ಇಡುವ ಡ್ರಾವರಿಗೆ ಇಳಿದು, ನಕ್ಷೆಯಲ್ಲಿ ಬೇಕಲ ಕೋಟೆಯ ಕೆಳಗೆ ಇವತ್ತಿಗೂ ಒಂದು ಉದ್ದಿನ ದ್ವೀಪ ಉಂಟು. ರಟ್ಟಿನ ಪೆಟ್ಟಿಗೆ ಬೋಟಿನೊಳಗೆ ತರಬೇಡಿ, ಅದರ ಪದರದಲ್ಲಿ ಜಿರಳೆ ಮೊಟ್ಟೆ ಬರ್ತದೆ, ದಡದಲ್ಲೇ ಬಿಚ್ಚಿ ಬಿಸಾಡಿ.

ಲಂಗರಿನ ಪಾಠ ಹೊಳೆಯೇ ಕಲಿಸ್ತು. ಶುರುವಿನಲ್ಲಿ ನಾಲ್ಕು ಮೀಟರ್ ಆಳಕ್ಕೆ ಹದಿನೈದು ಮೀಟರ್ ಚೈನ್ ಬಿಟ್ಟು ಆರಾಮಾಗಿ ಮಲಗಿದ್ದೆ. ನಡುರಾತ್ರಿ ಇಳಿತ ಹೋಗಿ ಭರತ ಶುರು ಆಗುವಾಗ ಬೋಟ್ ಪೂರ್ತಿ ತಿರುಗಿತು, ಲಂಗರು ಕೆಸರಿಂದ ಕಿತ್ತು ಬಂತು, ನಾವು ಮೆಲ್ಲ ಹಿಂದಕ್ಕೆ ಹೋಗ್ತಾ ಉಂಟು ಅಂತ ಗೊತ್ತಾದದ್ದು ಕಿಟಕಿಯಲ್ಲಿ ತೆಂಗಿನ ಮರ ಇಷ್ಟು ದೊಡ್ಡದಾಗಿ ಕಂಡಾಗ. ಬೆಳಿಗ್ಗೆ ಪಕ್ಕದ ದೋಣಿಯ ಮುದುಕ ಬೀಡಿ ಸೇದ್ತಾ ನನ್ನ ಚೈನ್ ನೋಡಿ "ಇದು ನಾಯಿ ಕಟ್ಲಿಕ್ಕೆ ಆಗ್ತದೆ" ಅಂದ, ಅಷ್ಟೇ. ಈಗ ಲೆಕ್ಕ ಹೀಗೆ: ಇಳಿತದಲ್ಲಿ ಆಳ 4, ಭರತ ಒಂದೂವರೆ, ನೀರಿಂದ ಬೋಟಿನ ಮೂತಿಯ ಎತ್ತರ 1, ಒಟ್ಟು ಆರೂವರೆ, ಅದರ ಐದು ಪಟ್ಟು ಅಂದ್ರೆ 33 ಮೀಟರ್ ಚೈನ್, ಗಾಳಿ ಎದ್ರೆ ಏಳು ಪಟ್ಟು. 8 ಮಿಲಿಮೀಟರಿನ ಚೈನ್ ಮೀಟರಿಗೆ ಸುಮಾರು 1.4 ಕಿಲೋ, ನನ್ನ ಹತ್ರ 60 ಮೀಟರ್ ಉಂಟು, ಅಂದ್ರೆ ಮೂತಿಯಲ್ಲಿ 84 ಕಿಲೋ, ಅದನ್ನ ಕೈಯಲ್ಲೇ ಎಳೆಯೋದು. ಜಿಮ್ಮಿಗೆ ದುಡ್ಡು ಕೊಡುವವ್ರು ಬನ್ನಿ.

ರೇಡಿಯೊ, ಲೈಫ್ ಜಾಕೆಟ್ ಎಲ್ಲ ಇದೆ, ಎಪರ್ಬ್ ಅನ್ನುವ ಡಬ್ಬಿಯೂ ಇದೆ, ಅಪಾಯದಲ್ಲಿ ಒತ್ತಿದ್ರೆ ಸಹಾಯಕ್ಕೆ 406 ಮೆಗಾಹರ್ಟ್ಸಲ್ಲಿ ಸ್ಯಾಟಲೈಟಿಗೆ ಕೂಗ್ತದೆ. ದಡದ ಹತ್ರ ಆದ್ರೆ ಕೋಸ್ಟ್ ಗಾರ್ಡ್ ನಂಬರ್ 1554, ಇದು ಮೀನಿಗೆ ಹೋಗುವ ಎಲ್ಲರ ಫೋನಲ್ಲೂ ಇರ್ಬೇಕಾದ್ದು.

ಹಾಗಾದ್ರೆ ಯಾವಾಗ? ಜೂನಿಂದ ನಮ್ಮ ಅಳಿವೆ ಬಾಗಿಲು ದಾಟುವ ಮಾತೇ ಇಲ್ಲ, ಟ್ರಾಲರುಗಳಿಗೇ ಕೇರಳದಲ್ಲಿ ಜುಲೈ 31ರ ತನಕ 52 ದಿನ ನಿಷೇಧ, ಮತ್ತೆ ಮಳೆ ಮುಗಿಯುವಷ್ಟರಲ್ಲಿ ಹೊಳೆ ಬಾಯಿಯ ಮರಳು ಎಲ್ಲಿಂದ ಎಲ್ಲಿಗೆ ಹೋಗಿರ್ತದೋ ಯಾರಿಗೂ ಗೊತ್ತಿರೋದಿಲ್ಲ, ನನ್ನ ಬೋಟಿಗೆ 1.4 ಮೀಟರ್ ನೀರು ಬೇಕೇ ಬೇಕು. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲು ತೆಂಗಿನಕಾಯಿ ಕೊಡ್ತಾರೆ, ಅವರು ಹೋಗ್ಲಿಕ್ಕೆ ಶುರು ಮಾಡಿದ ಮೇಲೆ ಅವರ ಹಿಂದೆ ಸಣ್ಣ ದೋಣಿಯಲ್ಲಿ ಹೋಗಿ ಕೋಲು ಹಾಕಿ ಆಳ ಅಳೀತೇನೆ. ಚೌತಿಯ ಕಡುಬು ಮನೆಯಲ್ಲಿ ತಿಂದು, ನವರಾತ್ರಿ ಕಳೆದು, ಬಡಗು ಗಾಳಿ ಹಿಡಿದ ಮೇಲೆ. ಗಂಟೆಗೆ ನಾಲ್ಕೈದು ನಾಟಿಕಲ್ ಮೈಲಿ ಹೋಗುವ ಬೋಟು, ಕೊಚ್ಚಿಗೆ ಎರಡು ಮೂರು ದಿನ ಸಾಕು, ಅಲ್ಲಿ ಬೋಳ್ಗಾಟಿಯ ಮರೀನಾದಲ್ಲಿ ನಿಲ್ಲಿಸಿ ಏನೇನು ಮುರಿದಿದೆ ನೋಡೋದು. ಯಾವ ವರ್ಷದ ನವರಾತ್ರಿ ಅಂತ ಕಳೆದ ವರ್ಷ ಕೇಳಿದವ್ರು ಈ ವರ್ಷವೂ ಕೇಳ್ತಾ ಇದ್ದಾರೆ, ಕೇಳಿ, ಬೇಜಾರಿಲ್ಲ.

ಈಗ ಮಳೆ ಒಂದು ಸುತ್ತು ಬಿಟ್ಟಿದೆ. ನಿನ್ನೆ ಎಡಬದಿಯ ಕಿಟಕಿಗೆ ಹೊಸ ಸೀಲಂಟ್ ಹಾಕಿ ಕೆಳಗೆ ಒಂದು ಒಣ ಪೇಪರ್ ಇಟ್ಟು ಬಂದಿದ್ದೆ, ಹೋಗಿ ಅದು ಒದ್ದೆ ಆಗಿದೆಯಾ ನೋಡ್ಬೇಕು.