ಸ್ವಿಸ್ ಬ್ಯಾಂಕ್ ದುಡ್ಡು ಯಾವಾಗ ಬರುತ್ತೆ ಅಂತ ಕೇಳುವವರಿಗೆ

ನಾನು ಬ್ಯಾಂಕಿನಿಂದ ನಿವೃತ್ತನಾದವನು ನಿಜ. ಸ್ವಿಸ್ ಬ್ಯಾಂಕಿನಿಂದಲ್ಲ. ಈ ವಿಷಯದ ಮೇಲೆ ಒಂದೇ ಒಂದು ಸಲ ಭಾಷಣ ಮಾಡಿದ್ದು ತಪ್ಪಾಯ್ತು. ಈಗ ಹಾಲಿನ ಬೂತಿನಲ್ಲೂ ಇದೇ ಪ್ರಶ್ನೆ.

ಮೊನ್ನೆ ಒಂದು ಮದುವೆ. ಎಲೆಗೆ ಒಬ್ಬಟ್ಟು ಬಿದ್ದಿತ್ತು, ತುಪ್ಪ ಇನ್ನೂ ಬರಬೇಕಿತ್ತು. ಪಕ್ಕದವರು ಶುರು ಮಾಡಿದರು: "ಕದ್ದ ದುಡ್ಡು ಅಂತ ಲೋಕಕ್ಕೇ ಗೊತ್ತಲ್ಲ ಸಾರ್, ಒಂದು ಫೋನ್ ಮಾಡಿ ತರಿಸ್ಕೊಳ್ಳೋಕೆ ಏನು ರೋಗ?"

ಫೋನಂತೆ!

ಲೋಕಕ್ಕೆ ಗೊತ್ತಿರುವುದು ಬೇರೆ, ಕೋರ್ಟಿಗೆ ತೋರಿಸುವುದು ಬೇರೆ ಸ್ವಾಮಿ. ಫಿಲಿಪ್ಪೀನ್ಸ್‌ನ ಅಧ್ಯಕ್ಷ ಮಾರ್ಕೋಸ್ 1968ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಖಾತೆ ತೆರೆದಾಗ ಬರೆಸಿದ ಹೆಸರು ವಿಲಿಯಂ ಸಾಂಡರ್ಸ್. ಹೆಂಡತಿ ಇಮೆಲ್ಡಾ ಅಲ್ಲಿ ಜೇನ್ ರಯಾನ್. ನಮ್ಮ ಶಾಖೆಯಲ್ಲಿ ಅಪ್ಪನ ಇನಿಷಿಯಲ್ ತಪ್ಪಿದರೂ ಫಾರಂ ವಾಪಸ್ ಕೊಡುತ್ತಿದ್ದೆ, ಅದಕ್ಕೆ ಬೈಸಿಕೊಂಡಿದ್ದೇನೆ ಕೂಡ.

1986ರಲ್ಲಿ ಜನ ಬೀದಿಗಿಳಿದರು, ದಂಪತಿ ಹವಾಯಿಗೆ ಹಾರಿದರು. ಸ್ವಿಟ್ಜರ್ಲೆಂಡ್ ಒಂದೇ ತಿಂಗಳಲ್ಲಿ ಖಾತೆಗಳಿಗೆ ಬೀಗ ಹಾಕಿತು. ದುಡ್ಡು ಫಿಲಿಪ್ಪೀನ್ಸ್‌ನ ಖಜಾನೆ ಸೇರಿದ್ದು ಮಾತ್ರ 2004ರಲ್ಲಿ. ಆ ಹೊತ್ತಿಗೆ ಮಾರ್ಕೋಸ್ ಸತ್ತು 14 ವರ್ಷ ದಾಟಿತ್ತು.

ಆ ಕೇಸಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಲೆಕ್ಕ. ಯಾವ ಲಂಚ ಯಾರಿಂದ ಬಂತು ಅಂತ ಫಿಲಿಪ್ಪೀನ್ಸ್ ಸರ್ಕಾರದವರು ಒಂದೊಂದಾಗಿ ಹಿಡಿಯುತ್ತಾ ಕೂರಲಿಲ್ಲ. ಗಂಡ ಹೆಂಡತಿಗೆ ಸರ್ಕಾರ ಕೊಟ್ಟ ಸಂಬಳವನ್ನೆಲ್ಲ ಕೂಡಿಸಿದರು: 3,04,372 ಡಾಲರ್. ಖಾತೆಗಳಲ್ಲಿದ್ದದ್ದು ಸುಮಾರು 65.8 ಕೋಟಿ ಡಾಲರ್. ಮಿಕ್ಕಿದ್ದು ಎಲ್ಲಿಂದ ಬಂತು, ನೀವೇ ಹೇಳಿ ಅಂದರು. ಹೇಳಲಾಗಲಿಲ್ಲ. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಟ್ಟುಗೋಲು ಹಾಕಿಸಿತು. ಲೆಡ್ಜರ್ ಬರೆದವನಿಗೆ ಇದಕ್ಕಿಂತ ಖುಷಿ ಇನ್ನೇನಿದೆ?

"ಯಾವಾಗ ಬರುತ್ತೆ" ಅಂತ ಎಲ್ಲರೂ ಕೇಳುತ್ತಾರೆ. "ಬಂದರೆ ಯಾರ ಕೈಗೆ" ಅಂತ ಒಬ್ಬರೂ ಕೇಳುವುದಿಲ್ಲ. ಮಾರ್ಕೋಸ್ ಕಾಲದಲ್ಲಿ ಜೈಲು, ಏಟು ತಿಂದವರಿಗೆ, ಸತ್ತವರ ಮನೆಯವರಿಗೆ ಆ ದುಡ್ಡಿನಲ್ಲಿ ಪಾಲು ಕೊಡಲು ಫಿಲಿಪ್ಪೀನ್ಸ್ 2013ರಲ್ಲಿ ಕಾನೂನು ಮಾಡಿತು. 11,103 ಜನರ ಅರ್ಜಿ ಮಂಜೂರಾಯಿತು. ಆಫ್ರಿಕಾದ ಕಾಂಗೋ ದೇಶವನ್ನು ಆಳಿದ ಸರ್ವಾಧಿಕಾರಿ ಮೊಬುಟು ಕಥೆ ಉಲ್ಟಾ. ಅವನ 77 ಲಕ್ಷ ಸ್ವಿಸ್ ಫ್ರಾಂಕ್ ಸ್ವಿಟ್ಜರ್ಲೆಂಡಿನಲ್ಲೇ ಸಿಕ್ಕಿಬಿದ್ದಿತ್ತು. ಕಾಂಗೋ ಸರ್ಕಾರಕ್ಕೆ ಆಸಕ್ತಿ ಇಲ್ಲ, ಕೇಸಿಗೆ ಅವಧಿ ಮೀರಿದೆ. 2009ರಲ್ಲಿ ಅಷ್ಟೂ ಮೊಬುಟು ವಾರಸುದಾರರಿಗೇ ಹೋಯಿತು.

ಇಷ್ಟನ್ನೂ ಹೇಳಿ ಮುಗಿಸಿದೆ. ಪಕ್ಕದವರು ಒಬ್ಬಟ್ಟು ನುಂಗಿ, "ಅದೆಲ್ಲ ಸರಿ ಸಾರ್, ನಮ್ಮ ಪಾಲು ಯಾವಾಗ?" ಅಂದರು. ಅಷ್ಟರಲ್ಲಿ ತುಪ್ಪದವನು ನನ್ನ ಎಲೆ ದಾಟಿ ಹೋಗಿದ್ದ.