ವರದಿಯನ್ನು ಮೊದಲು ಯಾರು ಓದಬೇಕು?

ಮಂಗಳೂರಿನಲ್ಲಿ ಆಸ್ಪತ್ರೆ ಮತ್ತು ಅಂಗವಿಕಲರ ಬಗ್ಗೆ ಮಾತು ಬಂದಾಗಲೆಲ್ಲ ಅದು ರ‍್ಯಾಂಪಿನ ಬಳಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಏರುತಗ್ಗುಗಳ ಈ ಊರಿನಲ್ಲಿ ರ‍್ಯಾಂಪು ಸಣ್ಣ ವಿಷಯವಲ್ಲ; 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬ ಲೆಕ್ಕ ಬಿಟ್ಟು ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿಯವರು ಇನ್ನೊಬ್ಬರ ತೋಳನ್ನೇ ನಂಬಬೇಕಾಗುತ್ತದೆ. ಆದರೆ ಕಣ್ಣು ಕಾಣದ ನನ್ನ ತಕರಾರು ಶುರುವಾಗುವುದು ಅದನ್ನು ದಾಟಿದ ಮೇಲೆ, ಪ್ರಯೋಗಾಲಯದ ಕಿಟಕಿಯಲ್ಲಿ.

ಟೋಕನ್ ಸಂಖ್ಯೆ ಪರದೆಯ ಮೇಲೆ ಸದ್ದಿಲ್ಲದೆ ಬದಲಾದರೆ ಪಕ್ಕದವರನ್ನು ಕೇಳಬಹುದು. ಸಕ್ಕರೆ ಕಾಯಿಲೆಯ ವರದಿಯನ್ನು ರಿಕ್ಷಾ ಚಾಲಕರು ಓದಿ ಹೇಳಿದರೂ ಬೇಸರವಿಲ್ಲ. ಕೆಲವರು ಪಥ್ಯವನ್ನೂ ಸೇರಿಸಿಯೇ ಹೇಳುತ್ತಾರೆ. ಎಚ್‌ಐವಿ ವರದಿಯನ್ನು ಹಾಗೆ ಓದಿಸಿಕೊಳ್ಳಲಾಗದು.

ಸರಕಾರಿ ಆಸ್ಪತ್ರೆಗಳ ಐಸಿಟಿಸಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಪರೀಕ್ಷೆಗೆ ಮೊದಲೂ ನಂತರವೂ ಆಪ್ತ ಸಮಾಲೋಚಕರು ಗೋಪ್ಯವಾಗಿ ಮಾತನಾಡಬೇಕೆಂಬುದು ಅಲ್ಲಿನ ಕ್ರಮ. ಕಿವಿ ಕೇಳದ ಹೆಣ್ಣುಮಗಳೊಬ್ಬಳು ಅಲ್ಲಿಗೆ ಬಂದಳೆನ್ನಿ. ಸಂಜ್ಞಾಭಾಷೆ ಬಲ್ಲ ಸಿಬ್ಬಂದಿ ಇಲ್ಲದಿದ್ದರೆ ಜೊತೆಗೆ ಬಂದ ಅಣ್ಣನೋ ಗಂಡನೋ ದುಭಾಷಿಯಾಗುತ್ತಾನೆ. ದೇಹಸಂಬಂಧದ ಪ್ರಶ್ನೆಗಳಿಗೆ ಅವನ ಮುಂದೆ ಆಕೆ ಏನೆಂದು ಉತ್ತರಿಸಿಯಾಳು? ಬರೆದು ಕೇಳಿದರಾಯಿತು ಎನ್ನುವವರು, ಹುಟ್ಟಿನಿಂದ ಕಿವುಡರಾದ ಅನೇಕರಿಗೆ ಸಂಜ್ಞೆಯೇ ಮೊದಲ ಭಾಷೆ, ಬರೆಹದ ಕನ್ನಡ ಆಮೇಲೆ ಕಲಿತದ್ದು ಎಂಬುದನ್ನು ಮರೆಯುತ್ತಾರೆ. ಬೌದ್ಧಿಕ ಅಂಗವೈಕಲ್ಯವಿರುವವರನ್ನಂತೂ ಯಾರೂ ಏನೂ ಕೇಳುವುದಿಲ್ಲ, ಅವರಿಗೆ ದೇಹಸಂಬಂಧವೇ ಇರಲಾರದು ಎಂಬಂತೆ.

ಕಾನೂನು ಇದರಲ್ಲಿ ಹಿಂದೆ ಬಿದ್ದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆ ಪಡೆಯುವ ಮುನ್ನ, ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ಅರ್ಥವಾಗುವ ರೀತಿಯಲ್ಲಿ ಮಾಹಿತಿ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್, ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳೂ ಅಡೆತಡೆಯಿಲ್ಲದೆ ಸಿಗಬೇಕೆನ್ನುತ್ತದೆ. ಎಲ್ಲ ಭಾಗಗಳು ಎಂದಮೇಲೆ ಸಮಾಲೋಚನೆಯ ಕೋಣೆಯೂ ಸೇರಿತೆಂದೇ ನಾನು ಓದಿಕೊಳ್ಳುತ್ತೇನೆ. ಹೀಗಿರುವಾಗ ಒಪ್ಪಿಗೆ ಪತ್ರವನ್ನು ಓದಿ ಹೇಳದೆ ನನ್ನ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತುವುದನ್ನು ಒಪ್ಪಿಗೆ ಎನ್ನಲಾಗದು.

ದೊಡ್ಡ ಖರ್ಚಿನ ಬೇಡಿಕೆಗಳು ನನ್ನಲ್ಲಿಲ್ಲ. ವೀಡಿಯೊ ಕರೆಯಲ್ಲಿ ಸಂಜ್ಞಾಭಾಷೆಯ ದುಭಾಷಿಯೊಬ್ಬರು ಸಿಗುವಂತಾಗಲಿ. ಜೊತೆಗೆ ಬಂದವರನ್ನು ಒಳಗೆ ಕರೆಯಬೇಕೇ ಎಂದು ಮೊದಲು ರೋಗಿಯನ್ನೇ, ಏಕಾಂತದಲ್ಲಿ ಕೇಳಲಿ. ನನಗೆ ಫಲಿತಾಂಶವನ್ನು ಸಮಾಲೋಚಕರು ಬಾಗಿಲು ಮುಚ್ಚಿ ಬಾಯಲ್ಲಿ ಹೇಳಲಿ. ನಂತರ ಕೊಡುವ ವರದಿ, ನಾನು ಕೇಳಿಕೊಂಡರೆ, ಅಕ್ಷರರೂಪದಲ್ಲಿ ನನ್ನ ಫೋನಿಗೇ ಬರಲಿ. ಕಾಗದದ ಫೋಟೋ ತೆಗೆದು ಕಳುಹಿಸಿದರೆ ಫೋನಿನ ಅಕ್ಷರಗಳನ್ನು ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.