ಅಳತೆ ಪುಸ್ತಕದ ಒಡತಿ

"ಹೆಂಡತಿ ತಾನೇ? ಆಕೆ ಕೆಲಸ ಮಾಡುತ್ತಿರಲಿಲ್ಲ."

ಕಳೆದ ಭಾನುವಾರ ಪಕ್ಕದ ಮನೆಯ ಹಿರಿಯಾಕೆ ಚಹಾ ಬಗ್ಗಿಸುತ್ತ ಹೇಳಿದ ಮಾತು. ಅವರಿಗೀಗ ಎಂಬತ್ತೆರಡು ವರ್ಷ. ನಾನು ನಾಟಿಂಗ್‌ಹ್ಯಾಮಿಗೆ ಬಂದ ಮೊದಲ ಚಳಿಗಾಲದಲ್ಲಿ ಕೇಳದೆಯೇ ಎರಡು ಉಣ್ಣೆಯ ಕಂಬಳಿ ತಂದುಕೊಟ್ಟ ಜೀವ. ಯಾರನ್ನೂ ನೋಯಿಸಲು ಅವರಿಗೆ ಬಾರದು. ಆದರೂ ಆ ಮಾತು ಐದು ದಿನಗಳಿಂದ ನನ್ನನ್ನು ಬಿಟ್ಟಿಲ್ಲ.

ಮೇಜಿನ ಮೇಲೆ ಅವರ ಪೂರ್ವಿಕರ ಜನಗಣತಿಯ ನಕಲು ಇತ್ತು. 1841ರ ಜೂನ್ 6ರ ರಾತ್ರಿ ಮನೆಯಲ್ಲಿದ್ದವರ ಪಟ್ಟಿ. ಯಜಮಾನನ ಹೆಸರಿನ ಮುಂದೆ ಬಟ್ಟೆ ವ್ಯಾಪಾರಿ ಎಂದು ಬರೆದಿದೆ. ಕೆಳಗಿನ ಸಾಲಿನಲ್ಲಿ ಹೆಂಡತಿಯ ಹೆಸರು, ವಯಸ್ಸು. ಕಸುಬಿನ ಕಾಲಂ ಖಾಲಿ. "ಇಲ್ಲಿ ಏನೂ ಬರೆದಿಲ್ಲವಲ್ಲ?" ಎಂದು ನಾನು ಕೇಳಿದ್ದಕ್ಕೇ ಆ ಉತ್ತರ ಬಂದದ್ದು.

ಅದೇ ಮೇಜಿನ ಮೇಲೆ, ಆ ಕಾಗದದಿಂದ ಒಂದು ಗೇಣು ದೂರದಲ್ಲಿ, ಅದೇ ಹೆಂಗಸಿನ ಅಳತೆ ಪುಸ್ತಕವೂ ಇತ್ತು.

ಚರ್ಮದ ಹೊದಿಕೆಯ ಸಣ್ಣ ಪುಸ್ತಕ. ಶಾಯಿ ಕಂದಿ ಕಾಫಿ ಬಣ್ಣಕ್ಕೆ ತಿರುಗಿದೆ. ಪುಟಕ್ಕೊಬ್ಬ ಗಿರಾಕಿ: ಎದೆ, ಸೊಂಟ, ಬೆನ್ನಿನ ಅಗಲ, ತೋಳು. ಎಲ್ಲವೂ ಅಂಗುಲದಲ್ಲಿ, ಕಾಲು ಅಂಗುಲವನ್ನೂ ಬಿಡದೆ. ಕೆಲವು ಪುಟಗಳಿಗೆ ಬಟ್ಟೆಯ ಚೂರನ್ನು ಗುಂಡುಸೂಜಿಯಿಂದ ಚುಚ್ಚಿದ್ದಾಳೆ. ಸೂಜಿ ತುಕ್ಕು ಹಿಡಿದು ಕಾಗದಕ್ಕೂ ಕಲೆ ಹತ್ತಿದೆ. ಒಬ್ಬ ಗಿರಾಕಿಯ ಸೊಂಟದ ಅಳತೆಯನ್ನು ಹೊಡೆದು ಹಾಕಿ ಹೆಚ್ಚಿಸಿ ಬರೆದಿದ್ದಾಳೆ, ಮತ್ತೆ ಹೊಡೆದು ಇನ್ನಷ್ಟು ಹೆಚ್ಚಿಸಿದ್ದಾಳೆ. ಆ ಗಿರಾಕಿ ಬಸುರಿಯಾಗಿದ್ದಿರಬೇಕು ಎಂದುಕೊಂಡೆ. ಒಂದು ಪುಟದಲ್ಲಿ ಅಳತೆಗಿಂತ ಮೊದಲು ಹೀಗಿತ್ತು: ಕಪ್ಪು ಕ್ರೇಪ್, ತಾಯಿಗೆ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ, ಗುರುವಾರದೊಳಗೆ.

ಗುರುವಾರದೊಳಗೆ ಮೂರು ನಿಲುವಂಗಿ. ಯಾರೋ ಸತ್ತಿದ್ದಾರೆ, ಮನೆಯವರಿಗೆ ತಡಮಾಡದೆ ಕಪ್ಪು ಬಟ್ಟೆ ಬೇಕು. ಸಾವು ಮೊದಲೇ ಹೇಳಿ ಬರುವುದಿಲ್ಲವಲ್ಲ. ಎಸೆಕ್ಸ್‌ನಲ್ಲಿ ಕೋರ್ಟಾಲ್ಡ್ ಕುಟುಂಬ ಕಪ್ಪು ರೇಷ್ಮೆ ಕ್ರೇಪ್ ನೇಯಿಸಿಯೇ ಸಿರಿವಂತವಾಯಿತು. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ 1841ರಲ್ಲಿ ಬರೀ ಸೂತಕದ ಉಡುಪಿಗೆಂದೇ ಜೇಸ್ ಎಂಬ ದೊಡ್ಡ ಮಳಿಗೆ ತೆರೆಯಿತು. ಮುಂದೆ 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡಾಗ ಕಪ್ಪುಟ್ಟ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಅದನ್ನು ಬಿಡಲಿಲ್ಲ. ಆದರೆ ಈ ಪುಸ್ತಕದ ಕಾಲಕ್ಕೆ ಮನೆಮನೆಗೆ ಹೊಲಿಗೆ ಯಂತ್ರ ಬಂದಿರಲಿಲ್ಲ. ಮೂರು ನಿಲುವಂಗಿಯ ಒಂದೊಂದು ಹೊಲಿಗೆಯೂ ಕೈಯದು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ, ದೀಪದ ಬೆಳಕು. ಹೊಲಿದವರಿಗೆ ಗೊತ್ತು ಅದು ಕಣ್ಣಿಗೆ ಏನು ಮಾಡುತ್ತದೆ ಎಂದು.

ಆಕೆ ಕೆಲಸ ಮಾಡುತ್ತಿರಲಿಲ್ಲ!

ತಪ್ಪು ನನ್ನ ನೆರೆಯಾಕೆಯದಲ್ಲ. ಆ ಗಣತಿಯಲ್ಲಿ ಸೂಚನೆಯೇ ಹಾಗಿತ್ತು: ಹೆಂಡತಿಯ ಕಸುಬನ್ನು, ಸಂಬಳವಿಲ್ಲದೆ ತಂದೆತಾಯಿಗೆ ನೆರವಾಗುವ ಮಕ್ಕಳ ಕಸುಬನ್ನು ಬರೆಯಬೇಕಾಗಿಲ್ಲ. ಕಾನೂನೂ ಅದಕ್ಕೆ ತಕ್ಕಂತೆಯೇ ಇತ್ತು. ಹೆಂಡತಿ ದುಡಿದ ಹಣ ಗಂಡನದು. ಅವಳ ಸಂಪಾದನೆ ಅವಳದೇ ಎಂದು ಇಂಗ್ಲೆಂಡಿನ ಸಂಸತ್ತು ಒಪ್ಪಿದ್ದು 1870ರಲ್ಲಿ. ಅಷ್ಟು ಹೊತ್ತಿಗೆ ಈ ಹೆಂಗಸು ಮಣ್ಣಾಗಿ ಏಳು ವರ್ಷ. 1851ರ ಗಣತಿಯಲ್ಲಿ ಅವಳ ಕಾಲಂ ತುಂಬಿದೆ, 'ಬಟ್ಟೆ ವ್ಯಾಪಾರಿಯ ಹೆಂಡತಿ' ಎಂದು. ಅದನ್ನು ಓದಿದಾಗ ನನಗೆ ಖಾಲಿ ಕಾಲಮ್ಮಿಗಿಂತ ಹೆಚ್ಚು ಸಿಟ್ಟು ಬಂತು.

ಸಿಟ್ಟು ಬಂದದ್ದು ಇನ್ನೊಬ್ಬರ ಮೇಲೂ. ಈ ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಚಂದವಾಗಿ ಸಿದ್ಧಪಡಿಸಿರುವವರು ನೆರೆಯಾಕೆಯ ಸೋದರಳಿಯ. ಶ್ರಮಪಟ್ಟಿದ್ದಾರೆ, ಒಪ್ಪುತ್ತೇನೆ. ಆದರೆ ಗಂಡಸರ ಹೆಸರಿನ ಕೆಳಗೆಲ್ಲ ಕಸುಬು ಬರೆದು ಈಕೆಯ ಹೆಸರಿನ ಕೆಳಗೆ ಒಂದು ಗೆರೆ ಎಳೆದಿದ್ದಾರೆ. ಅಳತೆ ಪುಸ್ತಕ ಅವರ ಕೈಯಲ್ಲಿ ಎರಡು ತಿಂಗಳಿತ್ತಂತೆ. "ಬರೀ ಅಂಕಿಗಳು" ಎಂದು ಹಿಂದಿರುಗಿಸಿದರಂತೆ. ಅಂಗಡಿ ನಡೆದದ್ದೇ ಆ ಅಂಕಿಗಳಿಂದ ಎಂದು ಅವರಿಗೆ ಹೊಳೆಯಲೇ ಇಲ್ಲ. ಸಿದ್ಧ ಉಡುಪು ಸಿಗದ ಕಾಲ. ತನ್ನ ಅಳತೆ ಯಾರ ಬಳಿ ಇದೆಯೋ ಅವರ ಅಂಗಡಿಯಲ್ಲೇ ಹೆಣ್ಣುಮಕ್ಕಳು ಬಟ್ಟೆಯನ್ನೂ ಕೊಳ್ಳುತ್ತಾರೆ. ಮುಂದಿನ ಕಟ್ಟೆಯಲ್ಲಿ ಗಂಡ ಗಜಗಟ್ಟಲೆ ಹರಿದುಕೊಟ್ಟದ್ದು ಹಿಂದಿನ ಕೋಣೆಯಲ್ಲಿ ಇವಳ ಕತ್ತರಿ ಆಡುತ್ತಿದ್ದುದರಿಂದ.

ಇಬ್ಬರು ಹೆಣ್ಣುಮಕ್ಕಳ ಹೆಸರಿನ ಮುಂದೆ ಮಾತ್ರ 1851ರಲ್ಲಿ 'ಡ್ರೆಸ್‌ಮೇಕರ್' ಎಂದಿದೆ. ಕಿರಿಯವಳು ಆಮೇಲೆ ಲಂಡನ್ನಿಗೆ ಹೋದಳಂತೆ. ಅಲ್ಲಿ ಏನಾದಳೆಂಬ ಸುದ್ದಿ ಮನೆಯವರಿಗೆ ಉಳಿದಿಲ್ಲ. ಅದನ್ನು ಕೇಳಿದ ಕೂಡಲೇ ನನಗೆ ನೆನಪಾದವಳು ಮೇರಿ ಆನ್ ವಾಕ್ಲಿ. ಇಪ್ಪತ್ತು ವರ್ಷದ ಹುಡುಗಿ, ಮದಾಂ ಎಲೀಸ್ ಎಂಬಾಕೆಯ ಪ್ರತಿಷ್ಠಿತ ಉಡುಪಿನ ಮನೆಯಲ್ಲಿ ಹೊಲಿಯುತ್ತಿದ್ದವಳು. 1863ರ ಜೂನ್ ತಿಂಗಳು. ಹೊಸದಾಗಿ ಮದುವೆಯಾಗಿ ಬಂದ ಯುವರಾಣಿ ಅಲೆಕ್ಸಾಂಡ್ರಾಳ ಗೌರವಾರ್ಥ ನಡೆಯಲಿದ್ದ ನೃತ್ಯಕೂಟಕ್ಕೆ ಸಿರಿವಂತ ಹೆಂಗಸರ ಉಡುಪುಗಳು ಸಿದ್ಧವಾಗಬೇಕಿತ್ತು. ಅರವತ್ತು ಹುಡುಗಿಯರ ಜೊತೆ, ಒಂದೊಂದು ಕೋಣೆಗೆ ಮೂವತ್ತು ಜನರಂತೆ, ಇಪ್ಪತ್ತಾರೂವರೆ ಗಂಟೆ ಬಿಡುವಿಲ್ಲದೆ ಹೊಲಿದಳು. ಶುಕ್ರವಾರ ಕಾಯಿಲೆ ಬಿದ್ದಳು, ಭಾನುವಾರ ಸತ್ತಳು. ಕಿಕ್ಕಿರಿದ ಕೋಣೆಯಲ್ಲಿ ದೀರ್ಘ ದುಡಿಮೆ, ಗಾಳಿಯಿಲ್ಲದ ಮಲಗುವ ಗೂಡು, ಸಾವಿಗೆ ಇವೇ ಕಾರಣ ಎಂದು ವೈದ್ಯರು ವಿಚಾರಣೆಯಲ್ಲಿ ಹೇಳಿದರು. ಲಂಡನ್ನಿನ ಪತ್ರಿಕೆಗಳೆಲ್ಲ ಬರೆದವು. ಅವಳು ಎಷ್ಟು ಗಂಟೆ ಕೆಲಸ ಮಾಡಿದಳೆಂದು ಊರು ಎಣಿಸಿದ್ದು ಅವಳು ಸತ್ತ ಮೇಲೆ. ಇದನ್ನು ಬರೆಯುವಾಗಲೂ ನನ್ನ ಕೈ ತಣ್ಣಗಾಗುತ್ತದೆ.

ನನಗೆ ಈ ವಿಷಯ ಇಷ್ಟು ಹತ್ತಿರವಾಗಲು ಕಾರಣ ನನ್ನ ಅವ್ವ. ರಾಣೆಬೆನ್ನೂರಿನಲ್ಲಿ ಅಪ್ಪನ ಬಟ್ಟೆ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಮೂವತ್ತು ವರ್ಷ ಜಂಪರು ಹೊಲಿದಳು. ಮದುವೆಯ ಹಂಗಾಮಿನಲ್ಲಿ ನಾವು ಮಲಗುವಾಗ ಯಂತ್ರದ ಸದ್ದು, ಏಳುವಾಗಲೂ ಅದೇ ಸದ್ದು. ನನ್ನ ಶಾಲೆಯ ಅರ್ಜಿಗಳಲ್ಲಿ ತಂದೆಯ ಉದ್ಯೋಗ ವ್ಯಾಪಾರ, ತಾಯಿಯದು ಮನೆಗೆಲಸ. ಕಾಲೇಜಿನ ಅರ್ಜಿಯನ್ನು ತುಂಬಿದವಳು ನಾನೇ. ನನ್ನ ಕೈಯಾರೆ ಹಾಗೆ ಬರೆದಿದ್ದೇನೆ.

ಮಂಗಳವಾರ ರಾತ್ರಿ ಅವ್ವನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಜನಗಣತಿ, ಖಾಲಿ ಕಾಲಂ, ಕಾನೂನು. ನಾನು ಬರೆದ ಅರ್ಜಿಯ ಮಾತನ್ನೂ ಎತ್ತಿದೆ. ಅವ್ವ ಅದಕ್ಕೆ "ಹೂಂ" ಎಂದಳು, ಅಷ್ಟೇ. ಅಳತೆ ಪುಸ್ತಕದ ಸುದ್ದಿ ಬಂದಾಗ ಮಾತ್ರ ನಡುವೆಯೇ ತಡೆದು ಕೇಳಿದಳು:

"ತೋಳಿನ ಅಳತೆಯನ್ನು ಎಲ್ಲಿಂದ ಹಿಡಿದಿದ್ದಾಳೆ? ಭುಜದಿಂದಲೋ, ಬೆನ್ನಿನ ನಡುವಿನಿಂದಲೋ?"

ನಾನು ನೋಡಿರಲಿಲ್ಲ.

"ನೋಡಿಕೊಂಡು ಬಾ. ಎರಡು ಅಂಕಿ ಬರೆದಿದ್ದರೆ ಮೊಣಕೈಗೆ ಒಂದು, ಮಣಿಕಟ್ಟಿಗೆ ಒಂದು ಇರಬೇಕು. ಅದನ್ನೂ ನೋಡು."

ನಾಳಿದ್ದು ಭಾನುವಾರ ಬರುತ್ತೇನೆಂದು ನೆರೆಯಾಕೆಗೆ ಹೇಳಿದ್ದೇನೆ. ಪುಸ್ತಕವನ್ನು ಮೇಜಿನ ಮೇಲೆಯೇ ಇಟ್ಟಿರುತ್ತಾರಂತೆ.